ಹೆಸರಿನ ಮುಂದೆ ಆರ್ಕಿಟೆಕ್ಟ್ ಎಂದು ಬರೆದುಕೊಳ್ಳುವ ಮುನ್ನ: ಬ್ರಿಟನ್ನಿನ ಪಾರ್ಟ್ 3 ಪರೀಕ್ಷೆಗೆ ಸಿದ್ಧರಾಗುವ ಬಗೆ

ಬ್ರಿಟನ್ನಿನಲ್ಲಿ ಮನೆಯ ನಕ್ಷೆ ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ವೃತ್ತಿ ನಡೆಸುವಾಗ ಹೆಸರಿನ ಜೊತೆ 'ಆರ್ಕಿಟೆಕ್ಟ್' ಎಂಬ ಪದವನ್ನು ಬಳಸಬೇಕಾದರೆ ಆರ್ಕಿಟೆಕ್ಟ್ಸ್ ರಿಜಿಸ್ಟ್ರೇಷನ್ ಬೋರ್ಡ್, ಅಂದರೆ ಎಆರ್‌ಬಿಯ ಪಟ್ಟಿಯಲ್ಲಿ ಹೆಸರಿರಲೇಬೇಕು. 1997ರ ಆರ್ಕಿಟೆಕ್ಟ್ಸ್ ಕಾಯ್ದೆಯ 20ನೇ ಸೆಕ್ಷನ್ ಕಾಪಾಡುವುದು ಕೆಲಸವನ್ನಲ್ಲ, ಆ ಪದವನ್ನು. ನೇವಲ್ ಆರ್ಕಿಟೆಕ್ಟ್, ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್, ಕೊನೆಗೆ ಗಾಲ್ಫ್ ಮೈದಾನ ರೂಪಿಸುವ ಆರ್ಕಿಟೆಕ್ಟ್‌ಗೂ ಅದೇ ಸೆಕ್ಷನ್ ವಿನಾಯಿತಿ ಕೊಟ್ಟಿದೆ. ಐದು ವರ್ಷ ಓದಿ, ಕಚೇರಿಯಲ್ಲಿ ದುಡಿಯುತ್ತಿರುವ ಪಾರ್ಟ್ 2 ಸಹಾಯಕರಿಗೆ ಮಾತ್ರ ಆ ವಿನಾಯಿತಿ ಇಲ್ಲ. ಅವರು ದಾಟಬೇಕಾದ ಕೊನೆಯ ಹೊಸ್ತಿಲೇ ಪಾರ್ಟ್ 3 ಎಂದು ಕರೆಯಲಾಗುವ ವೃತ್ತಿಪರ ಪರೀಕ್ಷೆ.

ಈ ಪರೀಕ್ಷೆಯ ಬಗ್ಗೆ ಇರುವ ದೊಡ್ಡ ತಪ್ಪು ತಿಳಿವಳಿಕೆ ಏನೆಂದರೆ, ಇದು ಕಾನೂನಿನ ಪರೀಕ್ಷೆ, ಕಾಯ್ದೆಗಳನ್ನು ಬಾಯಿಪಾಠ ಮಾಡಿದರೆ ಮುಗಿಯಿತು ಎಂಬುದು. ಪುಸ್ತಕವನ್ನು ಅರೆದು ಕುಡಿದವರು ಇಲ್ಲಿ ನಪಾಸಾಗುವುದನ್ನೂ, ಸೆಕ್ಷನ್ನಿನ ಸಂಖ್ಯೆಯೊಂದನ್ನೂ ನೆನಪಿಟ್ಟುಕೊಳ್ಳದವರು ಸಲೀಸಾಗಿ ಪಾಸಾಗುವುದನ್ನೂ ನಾನು ನೋಡಿದ್ದೇನೆ. ಪರೀಕ್ಷಕರು ತೂಗುವುದು ವಿವೇಚನೆಯನ್ನು: ಪರರ ದುಡ್ಡು, ಪರರ ಪ್ರಾಣ ಎರಡೂ ಪಣಕ್ಕಿರುವ ಕೆಲಸದಲ್ಲಿ ಯಾವುದನ್ನು ಮೊದಲು ಮಾಡಬೇಕು, ಯಾರಿಗೆ ತಿಳಿಸಬೇಕು, ಯಾವುದು ತನ್ನ ಕೆಲಸವಲ್ಲ ಎಂದು ಕೈ ಹಿಂತೆಗೆಯಬೇಕು ಎಂಬ ಅರಿವು ಅಭ್ಯರ್ಥಿಗೆ ಇದೆಯೇ ಎಂಬುದನ್ನು. ಆ ಅರಿವು ಪರೀಕ್ಷೆಗೆ ಮುಂಚಿನ ಆರು ವಾರಗಳಲ್ಲಿ ಬರುವಂಥದಲ್ಲ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಓದಿಗೆ ಕೊಟ್ಟಷ್ಟೇ ಜಾಗವನ್ನು ಕಚೇರಿಯ ದಿನಗಳಿಗೂ ಕೊಟ್ಟಿದ್ದೇನೆ.

ಮೊದಲ ಹೆಜ್ಜೆ: ಅರ್ಹತೆಯನ್ನು ಖಚಿತಪಡಿಸಿಕೊಳ್ಳಿ

ಸಾಂಪ್ರದಾಯಿಕ ದಾರಿಯಲ್ಲಿ ಮೂರು ಮೆಟ್ಟಿಲುಗಳಿವೆ. ಮೂರು ವರ್ಷದ ಮೊದಲ ಪದವಿ ಪಾರ್ಟ್ 1, ಎರಡು ವರ್ಷದ ಉನ್ನತ ಪದವಿ ಪಾರ್ಟ್ 2, ಒಟ್ಟು ಕನಿಷ್ಠ 24 ತಿಂಗಳ ಕಚೇರಿ ಅನುಭವದ ನಂತರ ಪಾರ್ಟ್ 3. ಪಾರ್ಟ್ 1 ಮತ್ತು 2 ಎಆರ್‌ಬಿ ಮಾನ್ಯ ಮಾಡಿದ ಕೋರ್ಸ್‌ಗಳಾಗಿರಬೇಕು. ಆರ್‌ಐಬಿಎ, ಅಂದರೆ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಬ್ರಿಟಿಷ್ ಆರ್ಕಿಟೆಕ್ಟ್ಸ್‌ನ ಮಾನ್ಯತೆ ಬೇರೆ, ಎಆರ್‌ಬಿಯ ಮಾನ್ಯತೆ ಬೇರೆ. 1834ರಲ್ಲಿ ಹುಟ್ಟಿದ ಆರ್‌ಐಬಿಎ ಸದಸ್ಯರ ಸಂಸ್ಥೆ. ಅದನ್ನು ಸೇರುವುದು ನಮ್ಮ ಇಷ್ಟ. ಎಆರ್‌ಬಿ ಶಾಸನಬದ್ಧ ನಿಯಂತ್ರಕ. ಅದರ ಪಟ್ಟಿ ಸೇರದೆ ಬೇರೆ ದಾರಿಯಿಲ್ಲ. ಮೌಖಿಕ ಪರೀಕ್ಷೆಯಲ್ಲಿ ಈ ಎರಡನ್ನೂ ಅದಲುಬದಲು ಮಾಡಿ ಹೇಳಿದರೆ ಪರೀಕ್ಷಕರ ಹುಬ್ಬು ಮೇಲೇರುವುದು ಖಂಡಿತ.

ಭಾರತದ ಬಿ.ಆರ್ಕ್. ಪದವಿಯೊಂದಿಗೆ ಇಲ್ಲಿಗೆ ಬಂದವರು ನೇರವಾಗಿ ಪಾರ್ಟ್ 3ಕ್ಕೆ ಕೂರಲಾಗದು. ತಮ್ಮ ಓದು ಪಾರ್ಟ್ 1 ಮತ್ತು ಪಾರ್ಟ್ 2ಕ್ಕೆ ಸಮವೆಂದು ಎಆರ್‌ಬಿಯ ಮುಂದೆ ಮೊದಲು ಸಾಬೀತುಪಡಿಸಬೇಕು. ಅದಕ್ಕೆ ಕಾಲೇಜಿನ ಕಾಲದ ನಕ್ಷೆ, ವರದಿ, ಅಂಕಪಟ್ಟಿಗಳೆಲ್ಲ ಬೇಕಾಗುತ್ತವೆ. ಊರಿನ ಮನೆಯ ಅಟ್ಟದಲ್ಲಿ ಕಟ್ಟಿಟ್ಟ ಹಾಳೆಗಳನ್ನು ಯಾರೂ ರದ್ದಿಗೆ ಹಾಕದಂತೆ ಈಗಲೇ ಫೋನ್ ಮಾಡಿ ಹೇಳಿಡಿ.

ಇನ್ನೊಂದು ಎಚ್ಚರಿಕೆ. ಎಆರ್‌ಬಿ 2023ರಲ್ಲಿ ಹೊಸ ಶಿಕ್ಷಣ ಚೌಕಟ್ಟನ್ನು ಪ್ರಕಟಿಸಿದ್ದು, ಪಾರ್ಟ್ 1 ಎಂಬ ಕಡ್ಡಾಯ ಮೆಟ್ಟಿಲನ್ನು ತೆಗೆದು, ಕಲಿತದ್ದರ ಫಲವನ್ನು ಅಳೆಯುವ ಪದ್ಧತಿಯತ್ತ ವಿಶ್ವವಿದ್ಯಾಲಯಗಳು ಹಂತಹಂತವಾಗಿ ಸರಿಯುತ್ತಿವೆ. ನಿಮ್ಮ ಕೋರ್ಸ್ ಹಳೆಯ ಚೌಕಟ್ಟಿನದೋ ಹೊಸದರದೋ ಎಂಬುದನ್ನು ಸೇರುವ ಮುನ್ನವೇ ಲಿಖಿತವಾಗಿ ಕೇಳಿ ತಿಳಿದುಕೊಳ್ಳಿ. ಮೂರು ವರ್ಷದ ಹಿಂದೆ ಪಾಸಾದ ಗೆಳೆಯರ ಸಲಹೆ ಈ ವಿಷಯದಲ್ಲಿ ಕೆಲಸಕ್ಕೆ ಬಾರದು.

ಎರಡನೆಯ ಹೆಜ್ಜೆ: ಸಂಸ್ಥೆಯ ಆಯ್ಕೆ

ಪರೀಕ್ಷೆಯನ್ನು ವಿಶ್ವವಿದ್ಯಾಲಯಗಳೂ ಆರ್‌ಐಬಿಎಯೂ ನಡೆಸುತ್ತವೆ. ಸ್ಕಾಟ್ಲೆಂಡಿನಲ್ಲಿ ಅಪಿಯಾಸ್ ಎಂಬ ಪ್ರತ್ಯೇಕ ಪರೀಕ್ಷಾ ಪ್ರಾಧಿಕಾರವಿದೆ. ಕೆಲವೆಡೆ ವರ್ಷವಿಡೀ ಸಂಜೆಯ ಉಪನ್ಯಾಸ, ಕೆಲವೆಡೆ ನಾಲ್ಕೈದು ದಿನಗಳ ಒತ್ತಟ್ಟಿನ ತರಗತಿ. ಕೆಲವೆಡೆ ಲಿಖಿತ ಪರೀಕ್ಷೆಯನ್ನು ಪುಸ್ತಕ ತೆರೆದಿಟ್ಟುಕೊಂಡು ಕಚೇರಿಯಲ್ಲೇ ಕೂತು ಬರೆಯಬಹುದು, ಕೆಲವೆಡೆ ಪ್ರಬಂಧಗಳನ್ನು ಸಲ್ಲಿಸಬೇಕು. ಮಾನ್ಯತೆಯಲ್ಲಿ ಎಲ್ಲವೂ ಒಂದೇ. ನಿಮ್ಮ ಕಟ್ಟಡಗಳು ಎಲ್ಲಿವೆಯೋ ಅಲ್ಲಿನ ಕಾನೂನು ಕಲಿಸುವ ಸಂಸ್ಥೆಯನ್ನು ಆರಿಸಿಕೊಳ್ಳುವುದು ಜಾಣತನ. ಎಡಿನ್‌ಬರೋದಲ್ಲಿ ಕೆಲಸ ಶುರುವಾಗುವ ಮುನ್ನ ಬಿಲ್ಡಿಂಗ್ ವಾರಂಟ್ ಎಂಬ ಅನುಮತಿ ಪಡೆಯಬೇಕು, ಅಲ್ಲಿನ ಗುತ್ತಿಗೆ ಪತ್ರ ಎಸ್‌ಬಿಸಿಸಿ ಎಂಬ ಸ್ಕಾಟಿಷ್ ಸಮಿತಿಯದು, ನೆರೆಯವರೊಡನೆ ಹಂಚಿಕೊಂಡ ಗೋಡೆಗಳ ಕುರಿತ 1996ರ ಪಾರ್ಟಿ ವಾಲ್ ಕಾಯ್ದೆ ಅಲ್ಲಿಗೆ ಅನ್ವಯಿಸುವುದೇ ಇಲ್ಲ. ಕೆಳಗೆ ನಾನು ಹೇಳುವ ಕಾನೂನಿನ ವಿವರಗಳು ಇಂಗ್ಲೆಂಡಿಗೆ ಸಂಬಂಧಿಸಿದವು.

ಮೂರನೆಯ ಹೆಜ್ಜೆ: ಅನುಭವದ ದಾಖಲೆಯನ್ನು ಮೊದಲ ದಿನದಿಂದಲೇ ಬರೆಯಿರಿ

ಪಿಇಡಿಆರ್ ಎಂದು ಎಲ್ಲರೂ ಕರೆಯುವ ಅನುಭವ ದಾಖಲೆಯನ್ನು ಮೂರು ತಿಂಗಳಿಗೊಂದು ಹಾಳೆಯಂತೆ ತುಂಬಬೇಕು. ಆರ್‌ಐಬಿಎಯ 2020ರ ಪ್ಲಾನ್ ಆಫ್ ವರ್ಕ್ ಒಂದು ಕಟ್ಟಡದ ಆಯುಷ್ಯವನ್ನು 0ಯಿಂದ 7ರವರೆಗೆ ಎಂಟು ಹಂತಗಳಾಗಿ ವಿಂಗಡಿಸಿದೆ. ಯಾವ ಹಂತದಲ್ಲಿ ಎಷ್ಟು ಗಂಟೆ ಸ್ವತಃ ದುಡಿದಿರಿ, ಎಷ್ಟು ಗಂಟೆ ಬರೀ ನೋಡಿ ಕಲಿತಿರಿ ಎಂಬುದನ್ನು ಅದರಲ್ಲಿ ನಮೂದಿಸಿ, ಕಚೇರಿಯಲ್ಲಿನ ಮಾರ್ಗದರ್ಶಕರಿಂದಲೂ ಕಾಲೇಜಿನ ಸಲಹೆಗಾರರಿಂದಲೂ ಸಹಿ ಮಾಡಿಸಬೇಕು. 24 ತಿಂಗಳೆಂದರೆ ಎಂಟು ಹಾಳೆ. ಕೇಳಲು ಸುಲಭ.

ನಾನು ಇದರಲ್ಲೇ ಎಡವಿದ್ದೆ. ಮೂರು ಹಾಳೆಗಳನ್ನು ಬಾಕಿ ಉಳಿಸಿಕೊಂಡು, ಒಂಬತ್ತು ತಿಂಗಳ ಕೆಲಸವನ್ನು ಕ್ಯಾಲೆಂಡರ್ ಮತ್ತು ಹಳೆಯ ಇಮೇಲ್‌ಗಳಿಂದ ಹೆಕ್ಕಿ ಒಂದೇ ವಾರಾಂತ್ಯದಲ್ಲಿ ಬರೆದೆ. ಅಷ್ಟರಲ್ಲಿ ನನ್ನ ಮಾರ್ಗದರ್ಶಕರು ಬೇರೆ ಕಚೇರಿಗೆ ಹೋಗಿಯಾಗಿತ್ತು. ಸಹಿಗಾಗಿ ಅವರ ಬೆನ್ನು ಹತ್ತಿದ್ದು ಎರಡು ತಿಂಗಳು. ಸಹಿ ಹೇಗೋ ಸಿಕ್ಕಿತು, ಆದರೆ ಆ ಮೂರು ಹಾಳೆಗಳಲ್ಲಿ ಜೀವವಿರಲಿಲ್ಲ, ಅದನ್ನು ಪರೀಕ್ಷಕರು ಮೊದಲ ಐದು ನಿಮಿಷದಲ್ಲೇ ಎತ್ತಿ ತೋರಿಸಿದರು.

ಜೀವವಿಲ್ಲದ ನಮೂದು ಹೀಗಿರುತ್ತದೆ: "4ನೇ ಹಂತ. ಚಾವಣಿಯ ವಿವರ ನಕ್ಷೆ ಬರೆದೆ. ಸಭೆಗಳಲ್ಲಿ ಭಾಗವಹಿಸಿದೆ." ಅದೇ ಕೆಲಸದ ಉಪಯುಕ್ತ ನಮೂದು ಹೀಗಿರಬಹುದು: "ಚಾವಣಿಯ ಅಂಚಿನಲ್ಲಿ ಶಾಖನಿರೋಧಕ ಪದರವು ಗೋಡೆಯ ಪದರವನ್ನು ಕೂಡುತ್ತಿರಲಿಲ್ಲ. ನಾನು ಬರೆದ ನಕ್ಷೆಯಲ್ಲಿ 40 ಮಿ.ಮೀ. ಸಂದು ಉಳಿದಿತ್ತು. ಬಿಲ್ಡಿಂಗ್ ಕಂಟ್ರೋಲ್ ಅಧಿಕಾರಿ ಪ್ರಶ್ನಿಸಿದ ಮೇಲೆ ತಿದ್ದಿದೆ, ತಿದ್ದಿದ ನಕ್ಷೆ ಗುತ್ತಿಗೆದಾರರಿಗೆ ಮೂರು ದಿನ ತಡವಾಗಿ ತಲುಪಿತು. ಗೋಡೆ ಮತ್ತು ಚಾವಣಿಯ ನಕ್ಷೆಗಳನ್ನು ಇಬ್ಬರು ಬೇರೆ ಬೇರೆ ಬರೆಯುತ್ತಿದ್ದುದೇ ಕಾರಣ. ಈಗ ಕೂಡುವ ಜಾಗಗಳ ಪಟ್ಟಿಯನ್ನು ಮೊದಲೇ ಮಾಡಿಕೊಳ್ಳುತ್ತೇನೆ." ತಪ್ಪನ್ನು ಬರೆದುಕೊಂಡರೆ ಅಂಕ ಕಡಿಮೆಯಾಗುತ್ತದೆ ಎಂಬ ಭಯ ಬೇಡ. ತಪ್ಪೇ ಇಲ್ಲದ ಎರಡು ವರ್ಷದ ದಾಖಲೆಯನ್ನು ಯಾವ ಪರೀಕ್ಷಕರೂ ನಂಬುವುದಿಲ್ಲ.

ಇದಕ್ಕಾಗಿ ಪ್ರತಿ ಶುಕ್ರವಾರ ಕಚೇರಿ ಬಿಡುವ ಮುನ್ನ ಹತ್ತು ನಿಮಿಷ ಮೀಸಲಿಟ್ಟು, ಆ ವಾರ ಕಲಿತದ್ದನ್ನು ನಾಲ್ಕು ಸಾಲಿನಲ್ಲಿ ಗೀಚಿಡಿ. ಮೂರು ತಿಂಗಳ ಕೊನೆಗೆ ಹಾಳೆ ತಾನಾಗಿ ತುಂಬುತ್ತದೆ. ಗಂಟೆಗಳ ಪಟ್ಟಿಯಲ್ಲಿ 5ನೇ ಹಂತ, ಅಂದರೆ ನಿರ್ಮಾಣದ ಹಂತ, ಖಾಲಿಯಾಗಿ ಉಳಿಯುತ್ತಿದ್ದರೆ ಸುಮ್ಮನಿರಬೇಡಿ; ಹಾಳೆಯನ್ನೇ ಮುಂದಿಟ್ಟು ಮಾಲೀಕರೊಡನೆ ಮಾತನಾಡಿ, ಸೈಟ್ ಸಭೆಗೆ ಕರೆದೊಯ್ಯಲು ಕೇಳಿ. ಬೇರೊಂದು ತಂಡದ ಸಭೆಯಲ್ಲಿ ಮೂಲೆಯಲ್ಲಿ ಕೂತು ಟಿಪ್ಪಣಿ ಬರೆದುಕೊಂಡರೂ ಅದು ಲೆಕ್ಕಕ್ಕೆ ಬರುತ್ತದೆ.

ನಾಲ್ಕನೆಯ ಹೆಜ್ಜೆ: ಏನನ್ನು ಓದಬೇಕು, ಹೇಗೆ ಓದಬೇಕು

ಪಾರ್ಟ್ 3ರ ಮಾನದಂಡಗಳನ್ನು ಬಹುಕಾಲದಿಂದ ಐದು ತಲೆಬರಹಗಳಲ್ಲಿ ಕಲಿಸುತ್ತ ಬಂದಿದ್ದಾರೆ: ವೃತ್ತಿಧರ್ಮ, ಕ್ಲೈಂಟ್ ಮತ್ತು ಸೇವೆ, ಕಾನೂನಿನ ಚೌಕಟ್ಟು, ಕಚೇರಿಯ ನಿರ್ವಹಣೆ, ಕಟ್ಟಡದ ಗುತ್ತಿಗೆ ವ್ಯವಸ್ಥೆ. ಐದನ್ನೂ ಸಮನಾಗಿ ಓದುವ ಅಗತ್ಯವಿಲ್ಲ. ಕಚೇರಿಯಲ್ಲಿ ನಿಮ್ಮ ಕಣ್ಣಿಗೆ ಬೀಳದೆ ಉಳಿದದ್ದನ್ನೇ ಹೆಚ್ಚು ಓದಬೇಕು.

ವೃತ್ತಿಧರ್ಮಕ್ಕೆ ಎಆರ್‌ಬಿಯ ನೀತಿ ಸಂಹಿತೆಯೇ ಆಧಾರ. ಹಿರಿಯರಿಂದ ಕೈಬದಲಾಗಿ ಬರುವ ಟಿಪ್ಪಣಿಗಳಲ್ಲಿ 12 ಮಾನದಂಡಗಳ ಹಳೆಯ ಸಂಹಿತೆಯೇ ಇರುತ್ತದೆ; 2025ರ ಸೆಪ್ಟೆಂಬರ್ 1ರಿಂದ ಹೊಸ ಸಂಹಿತೆ ಜಾರಿಯಲ್ಲಿದೆ. ಮೂಲವನ್ನೇ ತೆರೆದು ಓದಿ, ಅದೇನೂ ದೊಡ್ಡ ಗ್ರಂಥವಲ್ಲ.

ಕಾನೂನಿನಲ್ಲಿ ಕಾಯ್ದೆಯ ಹೆಸರಿಗಿಂತ ಅದು ಕೆಲಸದ ಯಾವ ಗಳಿಗೆಯಲ್ಲಿ ಬಂದು ಅಡ್ಡ ನಿಲ್ಲುತ್ತದೆ ಎಂಬುದು ಮುಖ್ಯ. ಕಟ್ಟಡ ಕೆಲಸದಲ್ಲಿನ ಆರೋಗ್ಯ, ಸುರಕ್ಷತೆಯ ಕುರಿತ 2015ರ ಸಿಡಿಎಂ ನಿಯಮಗಳನ್ನು ಓದುವಾಗ, ಒಂದಕ್ಕಿಂತ ಹೆಚ್ಚು ಗುತ್ತಿಗೆದಾರರು ಬರುವ ಕೆಲಸಕ್ಕೆ ಪ್ರಿನ್ಸಿಪಲ್ ಡಿಸೈನರ್, ಅಂದರೆ ಪ್ರಧಾನ ವಿನ್ಯಾಸಗಾರರನ್ನು ಕ್ಲೈಂಟ್ ಲಿಖಿತವಾಗಿ ನೇಮಿಸಬೇಕು ಎಂಬಷ್ಟನ್ನೇ ನೆನಪಿಟ್ಟರೆ ಸಾಲದು. ಆ ಮಾತನ್ನು ಕ್ಲೈಂಟ್‌ಗೆ ಯಾವಾಗ, ಯಾವ ಪತ್ರದಲ್ಲಿ ಹೇಳುತ್ತೀರಿ ಎಂಬುದನ್ನೂ ಯೋಚಿಸಿರಬೇಕು. 2023ರ ಅಕ್ಟೋಬರ್‌ನಿಂದ ಇಂಗ್ಲೆಂಡಿನ ಕಟ್ಟಡ ನಿಯಮಗಳ ಅಡಿಯಲ್ಲೂ ಅದೇ ಹೆಸರಿನ ಇನ್ನೊಂದು ಹುದ್ದೆ ಬಂದಿದೆ. ಸಿಡಿಎಂನದು ಆರೋಗ್ಯ ಮತ್ತು ಸುರಕ್ಷತೆಯ ಹೊಣೆ, ಇದು ವಿನ್ಯಾಸವು ಕಟ್ಟಡ ನಿಯಮಗಳಿಗೆ ಹೊಂದುತ್ತದೆಯೇ ಎಂದು ನೋಡುವ ಹೊಣೆ. ಇವೆರಡನ್ನೂ ಬೇರ್ಪಡಿಸಿ ಹೇಳುವುದು ಈಗಿನ ಮೌಖಿಕ ಪರೀಕ್ಷೆಗಳಲ್ಲಿ ತಪ್ಪದೆ ಬರುವ ಪ್ರಶ್ನೆ.

ಆ ಬದಲಾವಣೆಯ ಹಿಂದೆ 2017ರ ಜೂನ್ 14ರ ರಾತ್ರಿಯಿದೆ. ಲಂಡನ್ನಿನ ಗ್ರೆನ್‌ಫೆಲ್ ಟವರ್‌ನಲ್ಲಿ ಹೊತ್ತಿದ ಬೆಂಕಿ ಹೊಸದಾಗಿ ಹೊದಿಸಿದ್ದ ಹೊರಪದರದ ಮೂಲಕ ಮೇಲೇರಿ 72 ಜನರನ್ನು ಬಲಿ ತೆಗೆದುಕೊಂಡಿತು. 2022ರ ಬಿಲ್ಡಿಂಗ್ ಸೇಫ್ಟಿ ಕಾಯ್ದೆ ಅದರ ಫಲ. 18 ಮೀಟರ್ ಅಥವಾ ಏಳು ಅಂತಸ್ತು ಮುಟ್ಟುವ, ಕನಿಷ್ಠ ಎರಡು ವಾಸದ ಘಟಕಗಳಿರುವ ಕಟ್ಟಡಗಳಿಗೆ ಬಿಲ್ಡಿಂಗ್ ಸೇಫ್ಟಿ ರೆಗ್ಯುಲೇಟರ್ ಎಂಬ ಕಟ್ಟಡ ಸುರಕ್ಷತಾ ನಿಯಂತ್ರಕರ ಒಪ್ಪಿಗೆ ಸಿಗದೆ ನಿರ್ಮಾಣ ಶುರುಮಾಡುವಂತಿಲ್ಲ. ದೋಷಪೂರ್ಣ ವಾಸದ ಮನೆಗಳ ಬಗ್ಗೆ ದಾವೆ ಹೂಡುವ ಅವಧಿಯನ್ನೂ ಆ ಕಾಯ್ದೆ ವಿಸ್ತರಿಸಿದ್ದು, 2022ರ ಜೂನ್ 28ಕ್ಕೆ ಮುನ್ನ ಮುಗಿದ ಮನೆಗಳಿಗೆ 30 ವರ್ಷ, ಆಮೇಲಿನವಕ್ಕೆ 15 ವರ್ಷ. ಸಾಮಾನ್ಯ ಕರಾರಿನ ಮಿತಿ 6 ವರ್ಷ, ಡೀಡ್ ಎಂಬ ವಿಧ್ಯುಕ್ತ ಪತ್ರವಾಗಿ ಸಹಿಯಾದ ಕರಾರಿಗೆ 12 ವರ್ಷ ಎಂಬುದರ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ ವೃತ್ತಿ ವಿಮೆಯ ಕಂತು ಏಕೆ ಏರಿತೆಂದು ಅರ್ಥವಾಗುತ್ತದೆ.

ನ್ಯಾಯಾಲಯದ ತೀರ್ಪುಗಳನ್ನು ನೂರಾರು ಓದುವುದು ಬೇಡ, ನಾಲ್ಕೈದನ್ನು ಚೆನ್ನಾಗಿ ತಿಳಿದಿರಿ. 1974ರ ಸಟ್‌ಕ್ಲಿಫ್ ವರ್ಸಸ್ ಥ್ಯಾಕ್ರಾ ಪ್ರಕರಣದಲ್ಲಿ, ಮಾಡದ ಕೆಲಸಕ್ಕೂ ಕಳಪೆ ಕೆಲಸಕ್ಕೂ ಹಣ ಪ್ರಮಾಣೀಕರಿಸಿದ ಆರ್ಕಿಟೆಕ್ಟ್ ತನ್ನ ಕ್ಲೈಂಟ್‌ಗೆ ಹೊಣೆಯಾಗುತ್ತಾರೆ ಎಂದು ಹೌಸ್ ಆಫ್ ಲಾರ್ಡ್ಸ್ ಹೇಳಿತು. ಕ್ಲೈಂಟ್ ಮತ್ತು ಗುತ್ತಿಗೆದಾರರ ನಡುವೆ ನ್ಯಾಯವಾಗಿ ನಡೆದುಕೊಳ್ಳಬೇಕೆಂಬ ಮಾತೂ ಅಲ್ಲೇ ಇದೆ. 2017ರ ಬರ್ಜೆಸ್ ವರ್ಸಸ್ ಲೆಜೊನ್ವಾರ್ನ್ ಪ್ರಕರಣವಂತೂ ನಮ್ಮವರೆಲ್ಲ ಓದಲೇಬೇಕಾದದ್ದು. ಸ್ನೇಹಿತರ ತೋಟದ ಕೆಲಸಕ್ಕೆ ಕರಾರಿಲ್ಲದೆ, ಶುಲ್ಕವಿಲ್ಲದೆ ನೆರವಾದ ಆರ್ಕಿಟೆಕ್ಟ್ ಒಬ್ಬರ ಮೇಲೆ ದಾವೆ ಬಿತ್ತು. ದುಡ್ಡು ಪಡೆಯದಿದ್ದರೂ ಕೈಗೆತ್ತಿಕೊಂಡ ಕೆಲಸದಲ್ಲಿ ಎಚ್ಚರ ವಹಿಸುವ ಕರ್ತವ್ಯ ಇತ್ತು ಎಂದು ಮೇಲ್ಮನವಿ ನ್ಯಾಯಾಲಯ ಹೇಳಿತು. ಮುಂದಿನ ವಿಚಾರಣೆಯಲ್ಲಿ ಆಕೆ ಗೆದ್ದರು. ಆದರೆ ಗೆಲ್ಲುವಷ್ಟರಲ್ಲಿ ಕಳೆದ ವರ್ಷಗಳನ್ನು ಯಾರು ತಂದುಕೊಡುತ್ತಾರೆ? ನೆಂಟರಿಷ್ಟರು 'ಸ್ವಲ್ಪ ಪ್ಲಾನ್ ನೋಡಿಕೊಡಿ' ಎಂದಾಗ ನೆನಪಾಗಬೇಕಾದ ಪ್ರಕರಣವಿದು.

ಗುತ್ತಿಗೆ ಪತ್ರಗಳಲ್ಲಿ, ಮಾದರಿ ಪತ್ರಗಳನ್ನು ಪ್ರಕಟಿಸುವ ಜೆಸಿಟಿ ಸಂಸ್ಥೆಯ ಒಂದನ್ನಾದರೂ ಮೊದಲಿನಿಂದ ಕೊನೆಯವರೆಗೆ, ಪೆನ್ಸಿಲ್ ಹಿಡಿದು ಓದಬೇಕು. ಸಣ್ಣ ಕೆಲಸಗಳ ಮೈನರ್ ವರ್ಕ್ಸ್ ಪತ್ರವನ್ನೇ ಹಿಡಿಯಿರಿ. ಅದು ಅರ್ಥವಾದರೆ ದೊಡ್ಡದರಲ್ಲಿ ಹೆಚ್ಚುವರಿಯಾಗಿ ಏನಿದೆ, ಏಕಿದೆ ಎಂಬುದು ಹೊಳೆಯುತ್ತದೆ. ಹಣ ಪಾವತಿಯ ದಿನಗಳನ್ನು ಕಾಗದದ ಮೇಲೆ ಸಾಲಾಗಿ ಬರೆದುಕೊಳ್ಳಿ: ಹಣ ಸಲ್ಲಬೇಕಾದ ದಿನ, ಅಲ್ಲಿಂದ 5 ದಿನದೊಳಗೆ ಪ್ರಮಾಣಪತ್ರ, 14 ದಿನಕ್ಕೆ ಪಾವತಿಯ ಕೊನೆಯ ದಿನ, ಕಡಿತ ಮಾಡುವುದಿದ್ದರೆ ಆ ಕೊನೆಯ ದಿನಕ್ಕೆ 5 ದಿನ ಮುಂಚೆಯಾದರೂ ಪೇ ಲೆಸ್ ನೋಟಿಸ್. ಈ ನೋಟಿಸ್ ತಪ್ಪಿದರೆ ಕೆಲಸ ಎಷ್ಟೇ ಕಳಪೆಯಾಗಿದ್ದರೂ ಕ್ಲೈಂಟ್ ಸದ್ಯಕ್ಕೆ ಪೂರ್ತಿ ಹಣ ಕಟ್ಟಬೇಕಾಗುತ್ತದೆ, ಗುತ್ತಿಗೆದಾರರು 28 ದಿನಗಳ ಅಡ್ಜುಡಿಕೇಷನ್ ಎಂಬ ತ್ವರಿತ ವಿವಾದ ತೀರ್ಮಾನಕ್ಕೆ ಹೋಗಿ ಅದನ್ನು ವಸೂಲು ಮಾಡಬಲ್ಲರು. ಇದೆಲ್ಲದರ ಬೇರು 1996ರ ಹೌಸಿಂಗ್ ಗ್ರಾಂಟ್ಸ್ ಕಾಯ್ದೆಯಲ್ಲಿದೆ.

ಕಚೇರಿ ನಿರ್ವಹಣೆಯ ಭಾಗವನ್ನು ಹೆಚ್ಚಿನವರು ಉಡಾಫೆ ಮಾಡುತ್ತಾರೆ. ಆರ್‌ಐಬಿಎಯ ಕಡ್ಡಾಯ ಶುಲ್ಕ ಪಟ್ಟಿ 1982ರಲ್ಲೇ ಹೋಯಿತು. ಇಂದು ಪ್ರತಿ ಕಚೇರಿಯೂ ತನ್ನ ಲೆಕ್ಕ ತಾನೇ ಮಾಡಬೇಕು. ಆ ಲೆಕ್ಕವನ್ನು ಒಮ್ಮೆ ನೀವೇ ಮಾಡಿ ನೋಡಿ. ಉದಾಹರಣೆಗೆ ಸಂಬಳ ವರ್ಷಕ್ಕೆ 36,000 ಪೌಂಡ್ ಎನ್ನಿ. ಪಿಂಚಣಿ, ಬಾಡಿಗೆ, ಸಾಫ್ಟ್‌ವೇರ್, ವಿಮೆ ಎಲ್ಲ ಸೇರಿ ಅಷ್ಟೇ ಮೊತ್ತದ ಖರ್ಚೆಂದು ಹಿಡಿದರೆ 72,000. ವರ್ಷದ 260 ಕೆಲಸದ ದಿನಗಳಲ್ಲಿ 28 ರಜೆ, 7 ದಿನ ಕಾಯಿಲೆ ಮತ್ತು ತರಬೇತಿಗೆ ಕಳೆದರೆ 225 ಉಳಿಯಿತು. ದಿನಕ್ಕೆ ಏಳೂವರೆ ಗಂಟೆಯಂತೆ, ಅದರಲ್ಲಿ ಶೇ. 80 ಮಾತ್ರ ಕ್ಲೈಂಟ್ ಹೆಸರಿಗೆ ಬರೆಯಬಹುದಾದದ್ದು ಎಂದರೆ 1,350 ಗಂಟೆ. ಗಂಟೆಯ ಅಸಲು ಸುಮಾರು 53 ಪೌಂಡ್, ಶೇ. 20 ಲಾಭ ಸೇರಿಸಿದರೆ 64. ಈಗ ಒಂದು ಹಂತದ ಕೆಲಸವನ್ನು 6,000 ಪೌಂಡ್‌ಗೆ ಒಪ್ಪಿಕೊಂಡರೆ ನಿಮ್ಮ ಕೈಗೆ ಸಿಗುವುದು ಹನ್ನೆರಡೂವರೆ ದಿನ. ಹದಿಮೂರನೆಯ ದಿನದಿಂದ ಲಾಭ ಕರಗಲು ಶುರು. ಈ ಲೆಕ್ಕ ಮಾಡಿದ ಮೇಲೆ, ಮಾಲೀಕರು ಹೆಚ್ಚುವರಿ ನಕ್ಷೆಗೆ ಏಕೆ ಗೊಣಗುತ್ತಾರೆ ಎಂದು ನನಗೆ ಮೊದಲ ಬಾರಿಗೆ ಅರ್ಥವಾಯಿತು.

ಐದನೆಯ ಹೆಜ್ಜೆ: ಕೇಸ್ ಸ್ಟಡಿಯ ಆಯ್ಕೆ

ನೀವು ಕೆಲಸ ಮಾಡಿದ ಒಂದು ಕಟ್ಟಡದ ಕಥೆಯನ್ನು ವಿಮರ್ಶೆಯ ಕಣ್ಣಿನಿಂದ ಬರೆಯುವುದೇ ಕೇಸ್ ಸ್ಟಡಿ. ಇಲ್ಲಿ ಆಯ್ಕೆಯೇ ಅರ್ಧ ಕೆಲಸ. ನಾನು ಮೊದಲು ಆರಿಸಿದ್ದು ಕಚೇರಿಯ ಅತಿ ದೊಡ್ಡ ಯೋಜನೆಯನ್ನು. ಹದಿನಾಲ್ಕು ತಿಂಗಳು ಅದರ ಮೇಲೆ ದುಡಿದಿದ್ದೆ, ನಿಜ, ಆದರೆ ಮಾಡಿದ್ದು ಬಾಗಿಲುಗಳ ಪಟ್ಟಿ ಮತ್ತು ಶೌಚಾಲಯಗಳ ನಕ್ಷೆ. ಕ್ಲೈಂಟ್ ಮುಖವನ್ನೇ ನೋಡಿರಲಿಲ್ಲ, ಶುಲ್ಕ ಎಷ್ಟೆಂದು ಗೊತ್ತಿರಲಿಲ್ಲ. ಸಲಹೆಗಾರರು ಮೊದಲ ಅಧ್ಯಾಯ ಓದಿ, "ಇದರಲ್ಲಿ ನೀವು ಎಲ್ಲಿದ್ದೀರಿ?" ಎಂದಷ್ಟೇ ಕೇಳಿದರು. ಅದನ್ನು ಬದಿಗಿಟ್ಟು, ಒಂದು ಮನೆಯ ಹಿಂಭಾಗದ ವಿಸ್ತರಣೆಯನ್ನು ಎತ್ತಿಕೊಂಡೆ. ಅದರಲ್ಲಿ ಮೊದಲ ಭೇಟಿಯಿಂದ ಕೊನೆಯ ಪ್ರಮಾಣಪತ್ರದವರೆಗೆ ನಾನು ಹಾಜರಿದ್ದೆ.

ಬರೆಯುವ ಮುನ್ನ ಉದ್ದನೆಯ ಕಾಗದದ ಮೇಲೆ ಮೂರು ಗೆರೆ ಎಳೆಯಿರಿ. ಮೊದಲ ಗೆರೆಯಲ್ಲಿ ಅಂದುಕೊಂಡ ದಿನಾಂಕಗಳು, ಎರಡನೆಯದರಲ್ಲಿ ನಿಜವಾಗಿ ನಡೆದ ದಿನಾಂಕಗಳು, ಮೂರನೆಯದರಲ್ಲಿ ಕಚೇರಿ ಕಳಿಸಿದ ಬಿಲ್ಲುಗಳು ಮತ್ತು ದುಡಿದ ಗಂಟೆಗಳು. ಮೊದಲೆರಡು ಗೆರೆಗಳು ಎಲ್ಲೆಲ್ಲಿ ಬೇರೆಯಾಗುತ್ತವೆಯೋ ಅಲ್ಲೆಲ್ಲ ಒಂದೊಂದು ಪ್ರಶ್ನೆಯಿದೆ. ನನ್ನ ಕಾಗದದಲ್ಲಿ ಕಂಡದ್ದು ಏನೆಂದರೆ, ಕ್ಲೈಂಟ್ ಜೊತೆಗಿನ ನೇಮಕಾತಿ ಕರಾರಿಗೆ ಸಹಿ ಬಿದ್ದದ್ದು ಕೆಲಸ ಶುರುವಾದ ಏಳು ವಾರಗಳ ಮೇಲೆ. ಕೆಲಸಕ್ಕೆ ಮುನ್ನವೇ ಷರತ್ತುಗಳು ಬರಹದಲ್ಲಿರಬೇಕೆಂಬುದು ವೃತ್ತಿಯ ಮೂಲ ನಿಯಮ. ಅದನ್ನು ಮುಚ್ಚಿಡದೆ, ಆ ಏಳು ವಾರಗಳಲ್ಲಿ ಜಗಳ ಬಂದಿದ್ದರೆ ಎರಡೂ ಕಡೆಯವರ ಸ್ಥಿತಿ ಏನಾಗುತ್ತಿತ್ತು ಎಂದು ಎರಡು ಪುಟ ಬರೆದೆ. ಮೌಖಿಕ ಪರೀಕ್ಷೆಯ ಅರ್ಧ ಸಮಯ ಆ ಎರಡು ಪುಟದ ಸುತ್ತಲೇ ಕಳೆಯಿತು.

ಕಚೇರಿಯ ಮಾಲೀಕರಿಂದ ಲಿಖಿತ ಒಪ್ಪಿಗೆ ಪಡೆಯಿರಿ, ಕ್ಲೈಂಟ್ ಹೆಸರು ಮತ್ತು ವಿಳಾಸ ತೆಗೆದುಹಾಕಿ. ಯಾರನ್ನೂ ದೂರಬೇಡಿ, ಗುತ್ತಿಗೆದಾರರು ಸೋಮಾರಿಗಳೆಂದು ಬರೆದರೆ, ಹಾಗಿದ್ದರೆ ಅವರನ್ನು ಆರಿಸಿದ ಟೆಂಡರ್ ವರದಿಯನ್ನು ಬರೆದವರು ಯಾರು ಎಂಬ ಪ್ರಶ್ನೆ ಬಂದೇ ಬರುತ್ತದೆ.

ಆರನೆಯ ಹೆಜ್ಜೆ: ಲಿಖಿತ ಪರೀಕ್ಷೆ

ಪ್ರಶ್ನೆಗಳು ಸಾಮಾನ್ಯವಾಗಿ ಒಂದು ಸನ್ನಿವೇಶದ ರೂಪದಲ್ಲಿರುತ್ತವೆ. ಒಂದನ್ನು ಹತ್ತಿರದಿಂದ ನೋಡೋಣ. ಮೈನರ್ ವರ್ಕ್ಸ್ ಕರಾರಿನಲ್ಲಿ ಮನೆಯ ಕೆಲಸ ನಡೆಯುತ್ತಿದೆ, ಕರಾರಿನ ಆಡಳಿತ ನಿಮ್ಮ ಕಚೇರಿಯದು. ಶುಕ್ರವಾರ ಸಂಜೆ ನಾಲ್ಕಕ್ಕೆ ಗುತ್ತಿಗೆದಾರರ ಇಮೇಲ್ ಬರುತ್ತದೆ: ಮನೆಯ ಯಜಮಾನರು ಸೈಟಿಗೆ ಬಂದಾಗ ಅಡುಗೆಮನೆಯ ಕಿಟಕಿಯನ್ನು ದೊಡ್ಡದು ಮಾಡಲು ಹೇಳಿದರು, ಗೋಡೆ ಒಡೆದಾಗಿದೆ, ಎರಡು ವಾರದ ಹೆಚ್ಚುವರಿ ಸಮಯವೂ ಹಣವೂ ಬೇಕು. ಯಜಮಾನರಿಗೆ ಫೋನ್ ಮಾಡಿದರೆ, "ದುಡ್ಡು ಖರ್ಚಾಗುವುದಾದರೆ ನಾನು ಹೇಳೇ ಇಲ್ಲ" ಎನ್ನುತ್ತಾರೆ. ನೀವೇನು ಮಾಡುತ್ತೀರಿ?

ಕೂಡಲೇ ಕರಾರಿನ ಕಲಮುಗಳನ್ನು ಉದ್ಧರಿಸಲು ಹೊರಡುವುದು ಸಾಮಾನ್ಯ ತಪ್ಪು. ಮೊದಲ ಪ್ರಶ್ನೆ ಒಡೆದ ಗೋಡೆಯದು. ಮೇಲಿನ ಭಾರವನ್ನು ಯಾವುದು ಹೊತ್ತಿದೆ? ಆಸರೆ ಕೊಟ್ಟಿದ್ದಾರೆಯೇ? ಸ್ಟ್ರಕ್ಚರಲ್ ಎಂಜಿನಿಯರ್‌ಗೆ ಅಂದೇ ತಿಳಿಸಬೇಕು, ಅವರು ನೋಡುವವರೆಗೆ ಆ ಭಾಗದಲ್ಲಿ ಯಾರೂ ಕೆಲಸ ಮಾಡದಂತೆ ಗುತ್ತಿಗೆದಾರರನ್ನು ಕೇಳಬೇಕು. ಇದರ ಜೊತೆಜೊತೆಗೇ ನಿಮ್ಮ ಕಚೇರಿಯ ಹಿರಿಯರಿಗೆ ವಿಷಯ ಮುಟ್ಟಿಸಬೇಕು. ಪ್ರಶ್ನೆಪತ್ರಿಕೆಯಲ್ಲಿ ಒಂಟಿಯಾಗಿ ಯುದ್ಧ ಗೆಲ್ಲುವವರಿಗೆ ಅಂಕವಿಲ್ಲ. ಆಮೇಲೆ ಬಿಲ್ಡಿಂಗ್ ಕಂಟ್ರೋಲ್, ಕಿಟಕಿ ದೊಡ್ಡದಾದದ್ದು ಪ್ಲಾನಿಂಗ್ ಒಪ್ಪಿಗೆಯ ನಕ್ಷೆಗೆ ಹೊಂದುತ್ತದೆಯೇ ಎಂಬ ಪರಿಶೀಲನೆ.

ಕರಾರಿನ ಮಾತು ಇಷ್ಟಾದ ಮೇಲೆ. ಆದೇಶ ಕೊಡುವ ಅಧಿಕಾರ ಕರಾರಿನ ಆಡಳಿತಗಾರರದು, ಯಜಮಾನರದಲ್ಲ. ಆದ್ದರಿಂದ ಯಜಮಾನರ ಬಾಯಿಮಾತು ಕರಾರಿನ ಪ್ರಕಾರ ಬದಲಾವಣೆಯ ಆದೇಶವಾಗದು. ಹಾಗೆಂದು ಗುತ್ತಿಗೆದಾರರ ಬೇಡಿಕೆಯನ್ನು ಅಲ್ಲೇ ತಳ್ಳಿಹಾಕುವುದೂ ಸರಿಯಲ್ಲ, ಯಜಮಾನರ ಮಾತಿನಿಂದಲೇ ಅವರು ಗೋಡೆ ಒಡೆದದ್ದು. ಕ್ಲೈಂಟ್ ಮುಂದೆ ಎರಡು ದಾರಿಗಳನ್ನು ಇಡಬೇಕು: ಬದಲಾವಣೆ ಬೇಕೆಂದರೆ ವಿನ್ಯಾಸ, ಬೆಲೆ, ಸಮಯ ಮೂರನ್ನೂ ತಿಳಿದು ಲಿಖಿತ ಆದೇಶ, ಬೇಡವೆಂದರೆ ಗೋಡೆಯನ್ನು ಮೊದಲಿನಂತೆ ಮಾಡುವ ಖರ್ಚಿನ ಪ್ರಶ್ನೆ. ಸಮಯ ವಿಸ್ತರಣೆಯನ್ನು ತೀರ್ಮಾನಿಸುವಾಗ ಸಂಬಳ ಕೊಡುವವರು ಯಾರೆಂದು ನೋಡದೆ ನ್ಯಾಯವಾಗಿ ಅಳೆಯಬೇಕು. ಮೇಲೆ ಹೇಳಿದ 1974ರ ತೀರ್ಪು ಉಪಯೋಗಕ್ಕೆ ಬರುವುದು ಇಲ್ಲಿ, ಅದೂ ಒಂದೇ ಸಾಲಿನಲ್ಲಿ.

ಉತ್ತರದ ಭಾಗವಾಗಿ ಪತ್ರ ಬರೆಯಲು ಹೇಳಿದರೆ ಅದು ಮನೆಯ ಯಜಮಾನರಿಗೆ ಅರ್ಥವಾಗುವಂತಿರಲಿ: "ಕಿಟಕಿಯ ಬಗ್ಗೆ ನೀವು ಸೈಟಿನಲ್ಲಿ ಆಡಿದ ಮಾತನ್ನು ಗುತ್ತಿಗೆದಾರರು ಆದೇಶವೆಂದು ತಿಳಿದು ಗೋಡೆ ಒಡೆದಿದ್ದಾರೆ. ಈಗ ಆಸರೆ ಕೊಡಿಸಲಾಗಿದೆ, ಎಂಜಿನಿಯರ್ ಸೋಮವಾರ ನೋಡುತ್ತಾರೆ. ಅವರ ಅಭಿಪ್ರಾಯ ಬಂದ ಮೇಲೆ ಖರ್ಚು ಮತ್ತು ಸಮಯದ ಅಂದಾಜನ್ನು ನಿಮಗೆ ಕಳಿಸುತ್ತೇವೆ, ನಿಮ್ಮ ಒಪ್ಪಿಗೆಯಿಲ್ಲದೆ ಆದೇಶ ಹೊರಡಿಸುವುದಿಲ್ಲ. ಇನ್ನು ಮುಂದೆ ಯಾವ ಬದಲಾವಣೆ ಬೇಕಿದ್ದರೂ ದಯವಿಟ್ಟು ಮೊದಲು ನಮಗೆ ತಿಳಿಸಿ." ಕೊನೆಗೆ, ಈ ಘಟನೆ ದಾವೆಯಾಗುವ ಸಂಭವವಿದ್ದರೆ ವೃತ್ತಿ ವಿಮೆಯ ಕಂಪನಿಗೆ ಮುಂಚಿತವಾಗಿ ತಿಳಿಸುವ ವಿಷಯವನ್ನು ಸೇರಿಸಿ, ಬಹಳಷ್ಟು ಉತ್ತರಗಳಲ್ಲಿ ಬಿಟ್ಟುಹೋಗುವುದು ಇದೇ.

ಏಳನೆಯ ಹೆಜ್ಜೆ: ಸ್ವವಿಮರ್ಶೆ ಮತ್ತು ಮೌಖಿಕ ಪರೀಕ್ಷೆ

ವೃತ್ತಿ ಜೀವನದ ಸ್ವವಿಮರ್ಶೆಯೆಂಬ ಪ್ರಬಂಧವನ್ನು ಎಲ್ಲಕ್ಕಿಂತ ಕೊನೆಗೆ ಬರೆಯಿರಿ. ಅದು ಬಯೋಡೇಟಾದ ವಿಸ್ತರಣೆಯಲ್ಲ. ಬಾಲ್ಯದಲ್ಲಿ ಕಟ್ಟಿದ ಮರಳಿನ ಮನೆಯಿಂದ ಆರಂಭವಾಗುವ ಪ್ರಬಂಧಗಳನ್ನು ಪರೀಕ್ಷಕರು ಸಾಕಷ್ಟು ಓದಿದ್ದಾರೆ. ಪಿಇಡಿಆರ್ ಹಾಳೆಗಳನ್ನು ಹರಡಿಕೊಂಡು, ಎಲ್ಲಿ ಗಂಟೆಗಳು ಕಡಿಮೆಯಿವೆ, ಆ ಕೊರತೆಯನ್ನು ಹೇಗೆ ತುಂಬಿಕೊಂಡಿರಿ ಎಂಬುದನ್ನು ನೇರವಾಗಿ ಬರೆಯಿರಿ.

ಮೌಖಿಕ ಪರೀಕ್ಷೆ ಸಾಮಾನ್ಯವಾಗಿ ಇಬ್ಬರು ಪರೀಕ್ಷಕರ ಎದುರು, ಮುಕ್ಕಾಲು ಗಂಟೆಯಿಂದ ಒಂದು ಗಂಟೆಯವರೆಗೆ ನಡೆಯುತ್ತದೆ. ಇಬ್ಬರೂ ನಿಮ್ಮ ದಾಖಲೆಗಳನ್ನೆಲ್ಲ ಓದಿರುತ್ತಾರೆ. ನೀವು ಬರೆದದ್ದನ್ನು ನೀವೇ ಮತ್ತೆ ಓದಿ, ಪ್ರತಿ ಪುಟದ ಅಂಚಿನಲ್ಲಿ ಅಲ್ಲಿಂದ ಏಳಬಹುದಾದ ಪ್ರಶ್ನೆಯನ್ನು ಗುರುತಿಸಿಕೊಳ್ಳಿ. ಲಿಖಿತ ಪರೀಕ್ಷೆಯಲ್ಲಿ ತಪ್ಪಾಗಿದೆ ಎಂದು ಆಮೇಲೆ ಹೊಳೆದದ್ದನ್ನಂತೂ ಖಂಡಿತ ತಿದ್ದಿಕೊಂಡು ಹೋಗಿ, ಏಕೆಂದರೆ ಅದನ್ನು ಸರಿಪಡಿಸಲು ಅವಕಾಶ ಕೊಡುವುದೂ ಈ ಸಂದರ್ಶನದ ಉದ್ದೇಶಗಳಲ್ಲಿ ಒಂದು.

ಉತ್ತರ ತಿಳಿಯದ ಪ್ರಶ್ನೆ ಬಂದಾಗ ಏನು ಹೇಳಬೇಕೆಂಬುದನ್ನು ಮೊದಲೇ ಅಭ್ಯಾಸ ಮಾಡಿ. "ಗೊತ್ತಿಲ್ಲ" ಎಂದು ನಿಲ್ಲಿಸಿದರೆ ಕಡಿಮೆಯಾಯಿತು, ಊಹಿಸಿ ಗಟ್ಟಿಯಾಗಿ ಹೇಳಿದರೆ ಅಪಾಯವಾಯಿತು. "ಇದರ ನಿಖರ ಗಡುವು ನನಗೆ ನೆನಪಿಲ್ಲ, ಕರಾರಿನ ವಿವರಗಳ ಪುಟ ನೋಡದೆ ನಾನು ನೋಟಿಸ್ ಕಳಿಸುವುದಿಲ್ಲ, ಅಷ್ಟರಲ್ಲಿ ಕ್ಲೈಂಟ್‌ಗೆ ಹೀಗೊಂದು ಗಡುವಿದೆ ಎಂದು ಎಚ್ಚರಿಸಿರುತ್ತೇನೆ" ಎಂಬ ಉತ್ತರ ಸರಿಯಾದ ದಿನಾಂಕಕ್ಕಿಂತ ಹೆಚ್ಚು ತೂಕದ್ದು. ನನ್ನನ್ನು, ನಿಮ್ಮ ಕಚೇರಿಯ ಮಾಲೀಕರು ಕಟ್ಟಡ ನಿಯಮಕ್ಕೆ ಹೊಂದದ ವಸ್ತುವನ್ನು ನಕ್ಷೆಯಲ್ಲಿ ಹಾಗೇ ಬಿಡಲು ಹೇಳಿದರೆ ಏನು ಮಾಡುತ್ತೀರಿ ಎಂದು ಕೇಳಿದ್ದರು. ಮೊದಲು ಅವರೊಡನೆ ಖಾಸಗಿಯಾಗಿ ಮಾತು, ಆಮೇಲೆ ಬರಹದಲ್ಲಿ ಆಕ್ಷೇಪ, ಆದರೂ ಬಗ್ಗದಿದ್ದರೆ ಆ ನಕ್ಷೆ ನನ್ನ ಕೈಯಿಂದ ಹೊರಹೋಗದು, ಪ್ರಾಣಾಪಾಯವಿದ್ದರೆ ಹೊರಗಿನ ಅಧಿಕಾರಿಗಳಿಗೆ ತಿಳಿಸುತ್ತೇನೆ ಎಂದೆ. ಕೆಲಸ ಹೋದರೆ ಎಂದು ಮತ್ತೆ ಕೇಳಿದರು. ಹೋಗಬಹುದು ಎಂದೆ. ಅವರು ಮುಂದಿನ ಪುಟ ತಿರುಗಿಸಿದರು.

ಕೊನೆಯ ಹೆಜ್ಜೆ: ನೋಂದಣಿ

ಫಲಿತಾಂಶ ಬಂದ ದಿನ ನೀವು 'ಆರ್ಕಿಟೆಕ್ಟ್' ಆಗುವುದಿಲ್ಲ. ಎಆರ್‌ಬಿಗೆ ಪಾರ್ಟ್ 1, 2, 3ರ ಪುರಾವೆಗಳೊಂದಿಗೆ ಅರ್ಜಿ ಹಾಕಿ, ಶುಲ್ಕ ಕಟ್ಟಿ, ಹೆಸರು ಪಟ್ಟಿಯಲ್ಲಿ ಕಾಣಿಸಿಕೊಂಡ ಮೇಲೆ ಮಾತ್ರ ಆ ಪದವನ್ನು ಬಳಸಬಹುದು. ಪಾಸಾದ ಕೂಡಲೇ ಅರ್ಜಿ ಹಾಕಿ. ವರ್ಷಗಟ್ಟಲೆ ಬಿಟ್ಟರೆ ಇತ್ತೀಚಿನ ಅನುಭವದ ಪುರಾವೆಯನ್ನು ಮತ್ತೆ ಒದಗಿಸಬೇಕಾದೀತು. ಪಟ್ಟಿಯಲ್ಲಿ ಉಳಿಯಲು ವರ್ಷವರ್ಷವೂ ಶುಲ್ಕ ಕಟ್ಟಬೇಕು, ನಿರಂತರ ಕಲಿಕೆಯ ದಾಖಲೆಯನ್ನೂ ಇಡಬೇಕು. ನಿಮ್ಮ ಸ್ವಂತ ಹೆಸರಿನಲ್ಲಿ ಚಿಕ್ಕ ಕೆಲಸ ಒಪ್ಪಿಕೊಳ್ಳುವುದಾದರೆ ಅದಕ್ಕೆ ಮುನ್ನವೇ ವೃತ್ತಿ ವಿಮೆ ಮಾಡಿಸಿ, ಕಚೇರಿಯ ವಿಮೆ ನಿಮ್ಮ ವಾರಾಂತ್ಯದ ಕೆಲಸಕ್ಕೆ ಅನ್ವಯಿಸುತ್ತದೆ ಎಂದು ಭಾವಿಸಬೇಡಿ. ಇಮೇಲ್ ಸಹಿ, ಲಿಂಕ್ಡ್‌ಇನ್ ಪುಟ, ಕಚೇರಿಯ ಜಾಲತಾಣದಲ್ಲಿನ ಫೋಟೊದ ಕೆಳಗಿನ ಸಾಲು, ಈ ಮೂರನ್ನೂ ಎಆರ್‌ಬಿಯ ನೋಂದಣಿ ಸಂಖ್ಯೆ ಕೈಗೆ ಬಂದ ದಿನ ಬದಲಿಸಿ, ಅದಕ್ಕೆ ಒಂದು ದಿನ ಮುಂಚೆಯೂ ಬೇಡ.